ತುಟಿಯ ನಡುವಿನ ಗುಂಡುಸೂಜಿ

ಅಕ್ಕನ ಬಾಯಿ ಖಾಲಿ ಇದೆ, ಅದರಲ್ಲೇನು ವಿಶೇಷ, ಆದರೂ ಸ್ಟೂಲಿನ ಮೇಲೆ ನಿಂತ ತಂಗಿಯ ಕಣ್ಣಿಗೆ ಬಿದ್ದಿದ್ದು ಅದೇ — ಮೊಣಕಾಲೂರಿ ಕೂತ ಅಕ್ಕ ಅವಳು ತೊಟ್ಟ ನಾಟಕದ ಹಳೆಯ ಗೌನಿನ ಅಂಚು ಮಡಚುತ್ತಿದ್ದಾಳೆ, ನೆಲ ಗುಡಿಸ್ತಿದೆ ಕಣೇ ಇದು, ಮನೇಲಿ ಹಾಕ್ಕೊಳ್ಳೋ ಹಾಗೆ ಮಾಡ್ಕೊಡ್ತೀನಿ, ಮಣಿಕಟ್ಟಿಗೆ ಕಟ್ಟಿದ ಪುಟ್ಟ ದಿಂಬಿನಿಂದ ಒಂದೊಂದೇ ಗುಂಡುಸೂಜಿ ಕೀಳುತ್ತಾಳೆ, ತುಟಿಯ ನಡುವೆ ಒಂದೂ ಇಲ್ಲ. ತಂಗಿ ಊರಿಗೆ ವಾಪಸು ಬಂದು ಮೂರು ವಾರವಾಯಿತು, ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ, ಗಮನಿಸಿದ್ದು ಇವತ್ತು, ಥೂ, ಇವಳೂ ಒಬ್ಬ ನಟಿಯೇ, ಕಂಡವರ ನಡಿಗೆ ನುಡಿ ಕದ್ದೇ ಮೂವತ್ತು ವರ್ಷ ಬದುಕಿದವಳು! ಮೊದಲೆಲ್ಲ ಅಕ್ಕ ಐದು ಸೂಜಿ ಸಾಲಾಗಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು, ಹಲ್ಲು ಬಿಡದೆ, ಮೂಗಿನಲ್ಲೇ, ಕೈ ಎತ್ತಿ ಅನ್ನುವುದನ್ನು ಹುಬ್ಬು ಎತ್ತಿ ಹೇಳುತ್ತಿದ್ದಳು, ಗಿರಾಕಿಗಳಿಗೆ ಅರ್ಥವೂ ಆಗುತ್ತಿತ್ತು.

ಆ ಹುಬ್ಬು, ಆ ಮೂಗಿನ ದನಿ, ತಂಗಿ ಅನಾಮತ್ತಾಗಿ ಎತ್ತಿಕೊಂಡು ಹೋಗಿ ರಂಗದ ಮೇಲೆ ಇಟ್ಟಿದ್ದಳು, ಊರಿನ ಗುಟ್ಟೆಲ್ಲ ಸೂಜಿ ಕಚ್ಚಿಕೊಂಡೇ ಬಿಟ್ಟುಕೊಡುವ ದರ್ಜಿ ಹೆಂಗಸಿನ ಪಾತ್ರ, ಎಲ್ಲಿ ಸಿಕ್ಕಿದಳೇ ಇವಳು ನಿನಗೆ ಅಂತ ನಿರ್ದೇಶಕ ಬಿದ್ದು ಬಿದ್ದು ನಕ್ಕಿದ್ದ, ಸುಮ್ಮನೆ ಹೊಳೀತು ಅಂದಿದ್ದಳು — ಸುಮ್ಮನೆ! — ನಾನೂರು ಪ್ರದರ್ಶನ, ಸೂಜಿ ತುಟಿಗಿಡುವ ಮೊದಲೇ ಸಭಾಂಗಣ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು, ಅವಳಿಗೆ ಹೆಸರು ಬಂದಿದ್ದೇ ಅದರಿಂದ. ಅಕ್ಕನಿಗೆ ಹೇಳಿರಲಿಲ್ಲ, ಅಂಗಡಿ ಬಿಟ್ಟು ಕದಲುವವಳಲ್ಲ ಅಕ್ಕ, ನಾಟಕಗೀಟಕ ನೋಡುವವಳೂ ಅಲ್ಲ ಅಂದುಕೊಂಡಿದ್ದಳು, ಬೆಳಿಗ್ಗೆ ಗಂಡನ ಕೋಟು ಒಯ್ಯಲು ಬಂದ ಅಂಚೆಯವನ ಹೆಂಡತಿ ಎಲ್ಲ ಹಾಳು ಮಾಡಿದಳು, ನಾನೂ ನಿಮ್ಮಕ್ಕನೂ ಬಂದಿದ್ವಲ್ಲ ನೋಡೋಕೆ, ಹೇಳಿಲ್ವಾ, ಹತ್ತು ವರ್ಷದ ಮೇಲಾಯ್ತು, ನಾನಂತೂ ಅಯ್ಯೋ ಇದು ನೀವೇ ಕಣ್ರೀ ಅಂತ ಅವರ ತೊಡೆಗೆ ಹೊಡೆದಿದ್ದೇ ಹೊಡೆದಿದ್ದು, ನಿಮ್ಮಕ್ಕನ ಕಣ್ಣಲ್ಲೂ ನೀರು. ಎಂಥ ನೀರು? ನಕ್ಕಿದ್ದಕ್ಕೆ ಬಂದಿದ್ದೋ, ಇಲ್ಲ — ಕೇಳಬೇಕು, ಹೇಗೆ ಕೇಳೋದು, ನಾಲಿಗೆ ತುದಿಯಲ್ಲೇ ಇದೆ, ಬೆಳಗಿನಿಂದ ಇದೇ ಪ್ರಶ್ನೆ, ಸೂಜಿ ಕಚ್ಚೋದು ಅಕ್ಕ ಯಾವಾಗ ಬಿಟ್ಟಳು, ನಾಟಕಕ್ಕೆ ಮೊದಲೋ ಆಮೇಲೋ.

ಅಕ್ಕಾ, ನಾಟಕಕ್ಕೆ ಬಂದಿದ್ಯಂತೆ. ಹ್ಞೂಂ, ಬಂದಿದ್ದೆ. ಹೇಗಿತ್ತು? ಚೆನ್ನಾಗಿತ್ತು, ನೆಟ್ಟಗೆ ನಿಲ್ಲು, ಅಂಚು ಸೊಟ್ಟ ಆಗುತ್ತೆ. ಮತ್ತೆ ಸೂಜಿ ಬಾಯಲ್ಲಿ ಇಟ್ಕೊಳ್ತಿದ್ಯಲ್ಲ, ಈಗ ಇಲ್ವಾ? ಡಾಕ್ಟರು ಬೇಡ ಅಂದ್ರು, ನುಂಗಿಬಿಟ್ರೆ ಏನು ಗತಿ. ಡಾಕ್ಟರು! ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿಯಿತು, ಹೌದು ಮತ್ತೆ, ವಯಸ್ಸಾಯಿತಲ್ಲ, ಹೆದರಿಕೆ ಸಹಜ, ಇಷ್ಟಕ್ಕೆ ಬೆಳಗಿನಿಂದ ತಲೆ ಕೆಡಿಸಿಕೊಂಡಳಲ್ಲ, ಹುಚ್ಚಿ. ಅಂಚು ಸೊಟ್ಟವಾಗಿಯೇಬಿಟ್ಟಿದೆ, ಅಕ್ಕ ಗೊಣಗುತ್ತಾ ಚುಚ್ಚಿದ್ದನ್ನೆಲ್ಲ ಕೀಳುತ್ತಾಳೆ, ಎಡಗೈಯಲ್ಲಿ ಮಡಿಕೆ, ಬಿಟ್ಟರೆ ಜಾರುತ್ತದೆ, ದಿಂಬು ಅದೇ ಮಣಿಕಟ್ಟಿನಲ್ಲಿ ಬಟ್ಟೆಯಡಿ ಸಿಕ್ಕಿಕೊಂಡಿದೆ, ಕಿತ್ತ ಸೂಜಿ ತಾನಾಗಿ ತುಟಿಗೆ ಹೋಯಿತು, ಇನ್ನೊಂದು, ಮತ್ತೊಂದು, ಆಹಾ, ಅದೇ ಅಕ್ಕ, ಕೆಳತುಟಿ ಎಡಕ್ಕೆ ಒಂಚೂರು ವಾಲುತ್ತದೆ, ಇದನ್ನು ತಂಗಿ ರಂಗದ ಮೇಲೆ ಯಾವತ್ತೂ ಮಾಡಿರಲಿಲ್ಲ, ಕದಿಯುವಾಗ ಬಿಟ್ಟುಹೋಗಿತ್ತು, ಎಡಕ್ಕೆ, ಹೀಗೆ, ಇಷ್ಟೇ — ಅಕ್ಕ ತಲೆ ಎತ್ತಿದಳು. ನೋಡಿದ್ದು ತಂಗಿಯ ಬಾಯಿಯನ್ನು. ತಂಗಿಯ ತುಟಿ ಬಿಗಿದಿತ್ತು, ಎಡಕ್ಕೆ ವಾಲಿತ್ತು, ಇಲ್ಲದ ಸೂಜಿ ಕಚ್ಚಿಕೊಂಡು. ಅಕ್ಕ ಮಡಿಕೆ ಬಿಟ್ಟಳು, ಒಂದು, ಎರಡು, ಮೂರು, ತುಟಿಯಿಂದ ತೆಗೆದು ಅಂಗೈಗೆ ಹಾಕಿಕೊಂಡಳು, ಆ ಕಡೆ ತಿರುಗಿ ನಿಲ್ಲು ಅಂದಳು. ತಿರುಗಿದಳು, ಮೂವತ್ತು ವರ್ಷ ಪ್ರೇಕ್ಷಕರಿಗೆ ಬೆನ್ನು ಹಾಕದವಳು, ಎದುರಿಗೆ ಬರಿಯ ಗೋಡೆ, ಸುಣ್ಣದ ಗೋಡೆ, ಗೋಡೆಯ ಮೇಲೂ ಕಣ್ಣಿಗೆ ಕಟ್ಟಿದ್ದು ಅದೇ, ಒಂದು, ಎರಡು, ಮೂರು, ಅಕ್ಕನ ಅಂಗೈಯಲ್ಲಿ ಒದ್ದೆ ಸೂಜಿ.