ತಿಮ್ಮಮ್ಮ ಮಿಸ್ಸಿನ ಬೀಜದ ಗಂಟು

ತಿಮ್ಮಮ್ಮ ಮಿಸ್ಸು ದಾರಿಯಲ್ಲಿ ಎದುರಾದವರ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಅಶೋಕಪುರಂನ ತಮ್ಮ ಮನೆಯಿಂದ ಕೃಷ್ಣಮೂರ್ತಿಪುರಂನ ಶಾಲೆಯವರೆಗೆ, ಕತ್ತನ್ನು ತುಸು ಬಲಕ್ಕೆ ವಾಲಿಸಿ, ನೆಲವನ್ನೇ ಓದುವವರಂತೆ ನಡೆದು ಬರುವರು. ನಾಲ್ಕು ಹೆಜ್ಜೆಗೊಮ್ಮೆ ಬಾಗಿ, ಸೋಡಾ ಬಾಟಲಿಯ ಮುಚ್ಚಳವನ್ನೋ, ಖಾಲಿ ಬೆಂಕಿಪೊಟ್ಟಣವನ್ನೋ, ಛತ್ರದ ಮುಂದೆ ಬಿದ್ದ ಲಗ್ನಪತ್ರಿಕೆಯನ್ನೋ ಎತ್ತಿ, ಸೆರಗಿನಲ್ಲಿ ಒರೆಸಿ, ಹೆಗಲಿನ ಚೀಲಕ್ಕೆ ಇಳಿಬಿಡುವರು. ೧೯೯೮ರ ಜೂನ್ ತಿಂಗಳಲ್ಲಿ ಮಗಳು ಲಾಸ್ಯಳನ್ನು ಎರಡನೇ ತರಗತಿಗೆ ಬಿಡಲು ಹೋದ ದಿನ, ಗೇಟಿನ ಬಳಿ ಹಾಗೆ ಬಾಗಿದ್ದವರನ್ನು ಆಯಾ ಎಂದುಕೊಂಡು, "ಎರಡನೇ ಕ್ಲಾಸು ಎಲ್ಲಮ್ಮ?" ಎಂದು ಕೇಳಿಬಿಟ್ಟಿದ್ದೆ.

"ನಾನೂ ಅಲ್ಲಿಗೇ ಓಗ್ತಿರೋದು, ಬನ್ನಿ" ಎಂದು ಚೀಲ ಸರಿಮಾಡಿಕೊಂಡು ಮುಂದೆ ನಡೆದರು.

ಬೀದಿ ಬಿಸುಟದ್ದೆಲ್ಲ ಅವರ ತರಗತಿಯಲ್ಲಿ ಮರುಜನ್ಮ ಪಡೆದಿತ್ತು. ಮುಚ್ಚಳಗಳ ಮೇಲೆ ಅಂಕಿಗಳು, ಲಗ್ನಪತ್ರಿಕೆಯ ಬೆನ್ನಿನಲ್ಲಿ ಅಕ್ಷರಗಳು. ಗಣಪತಿಯ ಚಿತ್ರಕ್ಕೆ ಕತ್ತರಿ ಹಾಕಲು ಮನಸ್ಸು ಬಾರದೆ, 'ಗ' ಅಕ್ಷರದ ಚೀಟಿ ಮಾತ್ರ ಉಳಿದವಕ್ಕಿಂತ ದೊಡ್ಡದಾಗಿತ್ತು. ಮುಚ್ಚಳಗಳಿಗಂಟಿದ ಸಿಹಿಗೆ ಬೀರುವಿನ ತುಂಬ ಇರುವೆ. ಮಕ್ಕಳ ಪುಸ್ತಕ ತಿದ್ದಿ ಕೊಡುವುದರಲ್ಲಿ ಅವರದು ಅಕ್ಷಮ್ಯ ವಿಳಂಬ. ಮಗ್ಗಿ ಬಾಯಿಪಾಠ ಮಾಡಿಸುವುದಂತೂ ಇಲ್ಲವೇ ಇಲ್ಲ. ಉತ್ತರ ಸರಿಯಿರಲಿ, ತಪ್ಪಿರಲಿ, "ಎಂಗೆ ಬಂತು?" ಎಂಬುದೊಂದೇ ಪ್ರಶ್ನೆ. ಸರಿ ಹೇಳಿದ ಮಗುವೂ ಒಂದು ಕ್ಷಣ ತಡವರಿಸಬೇಕು.

ನನ್ನ ಆತಂಕಕ್ಕೆ ಇದು ಸಾಲದೆ? ಪಕ್ಕದ ಮನೆಯ ರಮಾಮಣಿಯ ಮಗಳು ಹನ್ನೆರಡರ ಮಗ್ಗಿಯವರೆಗೆ ಉಸಿರು ತೆಗೆದುಕೊಳ್ಳದೆ ಒಪ್ಪಿಸುತ್ತಿದ್ದಳು. ನನ್ನವಳು ಶಾಲೆಯಲ್ಲಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ದಸರಾ ರಜೆಯೊಳಗೆ ಮಾತಾಡದಿದ್ದರೆ ಮತ್ತೆ ಒಂದನೇ ತರಗತಿಯಲ್ಲಿ ಕೂರಿಸುವುದಾಗಿ ಮುಖ್ಯೋಪಾಧ್ಯಾಯಿನಿ ಹೇಳಿಯಾಗಿತ್ತು. ದಿನವೂ ನಾಲ್ಕು ಗಂಟೆಗೆ ಗೇಟಿನಲ್ಲಿ ಮಿಸ್ಸನ್ನು ಅಡ್ಡಗಟ್ಟುತ್ತಿದ್ದೆ.

"ಇವತ್ತು ಏನಾದರೂ ಮಾತಾಡಿದಳಾ ಮಿಸ್?"

"ಇಲ್ಲ ಕಣಮ್ಮ. ಕೇಳುಸ್ಕೋತಾವ್ಳೆ."

ಆಗಸ್ಟಿನ ಒಂದು ಶುಕ್ರವಾರ ಪ್ರತಿ ಮಗುವಿಗೂ ಬಟ್ಟೆಯಲ್ಲಿ ಕಟ್ಟಿದ ಹುಣಸೆ ಬೀಜದ ಗಂಟೊಂದನ್ನೂ ಒಂದಷ್ಟು ಬೆಂಕಿಪೊಟ್ಟಣಗಳನ್ನೂ ಕೊಟ್ಟು ಕಳಿಸಿದರು. ಪೊಟ್ಟಣಕ್ಕೆ ಹತ್ತರಂತೆ ತುಂಬಿ, ಒಟ್ಟು ಎಷ್ಟೆಂದು ಸೋಮವಾರ ಹೇಳಬೇಕು. "ಓದೋಕೆ ಕಳ್ಸುದ್ರೆ ಹುಣಸೆ ಬೀಜ ಕೊಟ್ಟವ್ರಲ್ಲ, ನಾಳೆ ಒನಕೆನೂ ಕೊಡ್ತಾರೆ ಬುಡು" ಎಂದರು ನಮ್ಮ ಅತ್ತೆ ಗಿರಿಜಾಂಬಾ. ಲಾಸ್ಯ ಎರಡು ದಿನ ಹಜಾರದ ನೆಲ ಬಿಟ್ಟು ಏಳಲಿಲ್ಲ. ಭಾನುವಾರ ಸಂಜೆ ಬೀಜಗಳನ್ನೆಲ್ಲ ಮತ್ತೆ ಗಂಟು ಕಟ್ಟಿ, ನನ್ನ ಕಿವಿಯಲ್ಲಿ ಹೇಳಿದಳು: "ಅಮ್ಮ, ತೊಂಬತ್ತೇಳು."

ಅವಳು ಆಡಲು ಹೋದಾಗ ನಾನೂ ಎಣಿಸಿದೆ. ತೊಂಬತ್ತೇಳೇ. ನೂರು ಕೊಟ್ಟಿರುತ್ತಾರೆ, ಮೂರು ಎಲ್ಲೋ ಉರುಳಿಹೋಗಿವೆ, ನಾಳೆ ಎಲ್ಲರೆದುರು ಮಗುವಿಗೆ ಅವಮಾನ ಎಂದುಕೊಂಡೆ. ಸೋಫಾದ ಕೆಳಗೆ ಹುಡುಕಿದೆ, ಸಿಗಲಿಲ್ಲ. ಅಡಿಗೆಮನೆಯ ಹುಣಸೆಹಣ್ಣಿನಿಂದ ಮೂರು ಬೀಜ ಬಿಡಿಸಿ, ತೊಳೆದು ಒರೆಸಿ, ಗಂಟಿಗೆ ಸೇರಿಸಿ, ಮೊದಲಿದ್ದಂತೆಯೇ ಕಟ್ಟಿಟ್ಟೆ.

ಸೋಮವಾರ ಸಂಜೆ, ನಾನು ಅಡ್ಡಗಟ್ಟುವ ಮೊದಲೇ, ಮಿಸ್ಸು ನನ್ನನ್ನು ತಡೆದು ನಿಲ್ಲಿಸಿದರು. ಲಾಸ್ಯ ಅಂದು ತಾನಾಗಿಯೇ ಎದ್ದು ನಿಂತು "ತೊಂಬತ್ತೇಳು" ಎಂದಳಂತೆ. ತಾಳೆ ನೋಡಲು ಪಕ್ಕದ ಹುಡುಗ ಅಮರ್ ಎಣಿಸಿದರೆ ನೂರು. ತರಗತಿಯೆಲ್ಲ ನಕ್ಕಿತು. ಅವಳು ಕೂತಳು, ಆಮೇಲೆ ಊಟದ ಡಬ್ಬಿಯನ್ನೂ ಮುಟ್ಟಲಿಲ್ಲ.

ಮಿಸ್ಸು ಅಂಗೈ ಬಿಚ್ಚಿದರು. ಮೂರು ಬೀಜ.

"ಚೌಕಾಬಾರ ಆಡೋವಾಗ ಕವಡೆ ಬದ್ಲೂ ಆಗ್ಲಿ ಅಂತ ನನ್ನ ಬೀಜನೆಲ್ಲ ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದೀನಿ. ಇವು ಎರಡು ಕಡೆನೂ ಕಪ್ಪು. ನಿಮ್ಮ ಅಡಿಗೆಮನೇವು."

"ನೂರು ಇರಬೇಕಿತ್ತಲ್ವಾ ಮಿಸ್?"

"ಯಾರು ಏಳಿದ್ದು ನಿಮ್ಗೆ? ಒಂದೊಂದು ಗಂಟಿಗೆ ಒಂದೊಂದು ಲೆಕ್ಕ ಆಕಿದ್ದೆ. ಎಲ್ಲದ್ರಲ್ಲೂ ನೂರು ಅಂದ್ರೆ ಎಣಿಸ್ದೇನೇ ಏಳ್ಬುಡ್ತವೆ."

"ನೀವೇ ಅವಳಿಗೆ ಹೇಳಿಬಿಡಿ, ದಯವಿಟ್ಟು."

"ಆಕಿದ್ದು ನೀವು. ನಾಳೆ ಬಂದು ನೀವೇ ಏಳಿ. ನಕ್ಕೋರ ಎದುರಿಗೇ ಏಳ್ಬೇಕು."

ಮರುದಿನ ನಲವತ್ತು ಮಕ್ಕಳೆದುರು ನಿಂತೆ. ಬಿ.ಎಸ್‌ಸಿ. ಓದಿದವಳು ನಾನು. "ಲಾಸ್ಯ ಎಣಿಸಿದ್ದೇ ಸರಿ. ಮೂರು ಬೀಜ ನಾನು ಹಾಕಿದ್ದೆ" ಎಂದೆ.

"ಆಂಟಿಗೆ ಎಣಿಸೋಕೆ ಬರಲ್ವಾ ಮಿಸ್?" ಎಂದ ಅಮರ್.

"ಬತ್ತದೆ ಕಣೋ. ಅವ್ರಿಗೆ ನೂರೇ ಬೇಕು, ಅಷ್ಟೆ."

ನಗು ಅಡಗಿದ ಮೇಲೆ ಮಿಸ್ಸು ಲಾಸ್ಯಳ ಕಡೆ ತಿರುಗಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಬೋರ್ಡು ಒರೆಸುತ್ತ ನಿಂತುಬಿಟ್ಟರು. ಹೇಳಿಕೊಡಲು ತುಟಿಯವರೆಗೆ ಬಂದ ಮಾತನ್ನು ನಾನು ಕಷ್ಟಪಟ್ಟು ನುಂಗಿಕೊಂಡೆ. ಬಹಳ ಹೊತ್ತಾದ ಮೇಲೆ ಮೂರನೇ ಬೆಂಚಿನಿಂದ ಒಂದು ಸಣ್ಣ ಕಂಠ ಕೇಳಿಸಿತು:

"ಒಂಬತ್ತು ಪೊಟ್ಟಣ ತುಂಬ್ತು ಮಿಸ್. ಏಳು ಹೊರಗಡೆ ಉಳೀತು. ಅಮ್ಮ ನನ್ನ ಕೇಳ್ಲೇ ಇಲ್ಲ."

ಲಾಸ್ಯ ಒಂದನೇ ತರಗತಿಗೆ ಹಿಂದಿರುಗಬೇಕಾಗಲಿಲ್ಲ, ಎರಡನೆಯದರಲ್ಲೇ ಉಳಿದಳು. ಮಿಸ್ಸಿನ ವಿಷಯದಲ್ಲಿ ನನ್ನ ದೂರುಗಳೂ ಕೆಲವು ಉಳಿದವು. ಪುಸ್ತಕಗಳು ಆಮೇಲೂ ತಡವಾಗಿಯೇ ಬಂದವು. ಆದರೂ ಇಂಥ ಉಪಾಧ್ಯಾಯರ ಕುಲವನ್ನು ನೆನೆದಾಗ ನನಗೆ ಅನ್ನಿಸುವುದಿಷ್ಟು: ಮಕ್ಕಳಿಗೆ ಕಲಿಸಬಲ್ಲವರು ಊರಿನಲ್ಲಿ ಅನೇಕರಿದ್ದಾರೆ; ಆದರೆ ಮಗು ತಾನೇ ಕಂಡುಕೊಂಡದ್ದನ್ನು ನಾವು ಪ್ರೀತಿಯಿಂದ ಕೆಡಿಸಲು ಹೋದಾಗ, ನಮ್ಮನ್ನು ನಿಲ್ಲಿಸಿ, ಅದನ್ನು ಮಗುವಿನ ಕೈಗೇ ಮರಳಿ ಕೊಡಿಸುವವರು ವಿರಳ. ಅಂಥವರಿಗೆ ಹೆತ್ತವರ ಮೆಚ್ಚುಗೆ ಬೇಗ ಸಿಗುವುದಿಲ್ಲ. ಅದಕ್ಕಾಗಿ ಅವರು ಕಾಯುವುದೂ ಇಲ್ಲ.