ಒಳಗಿನ ಹೆಸರು

ರಸ್ಮಿನ್ ಜಲಪಾತದ ಮೇಲೆ ಇಲ್ಲಸಲ್ಲದ ದೂರು ಹೇಳಿದಳು.

"ಮೆಟ್ಟಿಲೆಲ್ಲ ಪಾಚಿ ಕಟ್ಟಿದೆ ಮೇಡಂ. ಜಾರಿದ್ರೆ ಸೊಂಟ ಹೋಯ್ತು. ಅಲ್ಲಿ ನೀರಿಗಿಂತ ಫೋಟೋ ತೆಗೆಸ್ಕೊಳ್ಳೋರೇ ಜಾಸ್ತಿ."

"ಏಜೆನ್ಸಿಯವ್ರು ಸ್ವರ್ಗ ಇದ್ದಂಗಿದೆ ಅಂದ್ರಲ್ಲ?"

"ಏಜೆನ್ಸಿಯವ್ರು ಮೆಟ್ಟಿಲು ಇಳಿಯಲ್ಲ."

ಹಿಂದಿನ ಸೀಟಿನಲ್ಲಿದ್ದ ಮಾರ್ಗಿಟ್ ಗಟ್ಟಿಯಾಗಿ ನಕ್ಕಳು. ಆಸ್ಟ್ರಿಯಾದವಳು, ವಯಸ್ಸಾದ ಒಂಟಿ ಹೆಂಗಸು. ಬಾಲಿಗೆ ಒಬ್ಬಳೇ ಬಂದು, ಒಂದು ದಿನದ ಮಟ್ಟಿಗೆ ಕಾರು ಗೊತ್ತುಮಾಡಿಕೊಂಡು, ಡ್ರೈವರ್ ಹೆಣ್ಣೇ ಆಗಿರಬೇಕೆಂದು ಕೇಳಿದ್ದಳು. ಹೀಗೆ ಕೇಳುವ ಹೆಂಗಸರಿಂದಲೇ ರಸ್ಮಿನ್‌ಗೆ ಅನ್ನ.

"ಹಾಗಾದ್ರೆ ಎಲ್ಲಿಗೆ?"

"ಒಂದು ಹಳೇ ಮನೆ ಇದೆ. ಪುರೋಹಿತ ಮನೆತನ. ಈಗೀಗ ಅತಿಥಿಗಳನ್ನ ಒಳಗೆ ಬಿಡ್ತಿದಾರೆ." ಕನ್ನಡಿಯಲ್ಲಿ ಮಾರ್ಗಿಟ್‌ಳ ಮುಖ ನೋಡುತ್ತ ರಸ್ಮಿನ್ ಸೇರಿಸಿದಳು. "ನಾನೂ ಒಳಗೆ ಬರಬೇಕು ಅಂತ ನೀವೇ ಹೇಳ್ಬೇಕು. ಇಲ್ಲಾಂದ್ರೆ ಡ್ರೈವರ್‌ಗಳನ್ನ ಮರದ ಕೆಳಗೆ ಕೂರಿಸ್ತಾರೆ."

"ಅದಕ್ಕೇನಂತೆ, ಹೇಳ್ತೀನಿ," ಅಂದಳು ಮಾರ್ಗಿಟ್. ಎಷ್ಟು ಸಲೀಸಾಗಿ ಅಂದುಬಿಟ್ಟಳು! ಎಂಟು ವರ್ಷದಿಂದ ರಸ್ಮಿನ್‌ಗೆ ತೆರೆಯದ ಬಾಗಿಲು ಅದು.

ಕಾರು ಮೂಡಣ ದಿಕ್ಕಿಗೆ ತಿರುಗಿತು. ಆಗುಂಗ್ ಬೆಟ್ಟ ಮೋಡದೊಳಗಿತ್ತು. ಡ್ಯಾಷ್‌ಬೋರ್ಡಿನ ಮೇಲೆ ಬೆಳಿಗ್ಗೆ ಇಟ್ಟ ಹೂವಿನ ದೊನ್ನೆ ಬಿಸಿಲಿಗೆ ಬಾಡತೊಡಗಿತ್ತು.

ಆ ಮನೆಗೆ ಸೊಸೆಯಾಗಿ ಹೋಗುವ ಮುಂಚೆ ಅವಳು ನೆಂಗಾ ರಸ್ಮಿನ್, ಗದ್ದೆ ಕೆಲಸದವರ ಮಗಳು. ಬಾಲಿಯಲ್ಲಿ ಅಂಥವರನ್ನು 'ಜಾಬಾ' ಅನ್ನುತ್ತಾರೆ, ಹಾಗೆಂದರೆ ಹೊರಗಿನವರು. ನೆಲ ಉತ್ತವರು, ಕಲ್ಲು ಹೊತ್ತವರು, ದ್ವೀಪದ ಮುಕ್ಕಾಲು ಜನ ಹೊರಗಿನವರು! ಒಳಗಿರುವವರು ಬೆರಳೆಣಿಕೆಯ ಮನೆತನಗಳು. ಪುರೋಹಿತರ ಮಗ ಗುಸ್ ರಾಕಾ ಅವಳನ್ನು ಪ್ರೀತಿಸಿ ಮದುವೆಯಾದಾಗ, ಅವಳ ಹೆಸರನ್ನು ಹೊಸ್ತಿಲಾಚೆಯೇ ಬಿಡಿಸಿ 'ಜೆರೋ ಸಂದತ್' ಎಂದು ಹೊಸ ಹೆಸರಿಟ್ಟರು. ಸಂದತ್ ಅಂದರೆ ಒಂದು ಹೂವು. ಜೆರೋ ಅಂದರೆ ಒಳಗೆ. ಒಳಗೆ ಬಂದವಳು ಎಂದು ದಿನವೂ ನೆನಪಿಸುವುದಕ್ಕೆ ಆ ಹೆಸರು. ಒಳಗೇ ಹುಟ್ಟಿದವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಹೆಣ್ಣುಮಗು ಹುಟ್ಟಿತು. ಇದಾ ಆಯು ವಿಂತಾರಿ, ಎಲ್ಲರ ಬಾಯಲ್ಲಿ ದಾಯು. ಮಗು ತಂದೆಯ ಜಾತಿ, ತಾಯಿಗಿಂತ ಮೇಲು. ಹೆತ್ತವಳು ಅದನ್ನು 'ನೀನು' ಅನ್ನುವಂತಿಲ್ಲ. ಮೊಲೆ ಬಾಯಿಗಿಟ್ಟು "ಕುಡಿಯೇ ಕಂದಾ" ಅಂದದ್ದಕ್ಕೆ ಅತ್ತೆ ಬಾಗಿಲಲ್ಲೇ ನಿಂತು ತಿದ್ದಿದ್ದಳು: "ಹಾಲು ಸ್ವೀಕರಿಸಬೇಕು, ದಾಯು. ಹಾಗನ್ನು." ತನ್ನ ಮೈಯ ಹಾಲು ಕುಡಿಯುವ ಕೂಸಿಗೆ ತಾವು, ತಮ್ಮ, ದಯಮಾಡಿಸಿ! ಮಗುವೂ ಅವಳನ್ನು ಮನೆಯವರಂತೆಯೇ 'ಜೆರೋ' ಎಂದು ಕರೆಯಲು ಕಲಿಯಿತು. ಆ ಮನೆಯಲ್ಲಿ ತಾಯಂದಿರನ್ನು ಕರೆಯುವ 'ಬಿಯಾಂಗ್' ಎಂಬ ಮಾತು ಅವಳ ಪಾಲಿಗೆ ದೊಡ್ಡದಾಯಿತು. ಗದ್ದೆಯವರು ಕರೆಯುವ 'ಮೆಮೆ' ಆ ಮನೆಗೆ ಕೊಳಕಾಯಿತು. ಹೊಳೆಯಲ್ಲಿ ಸ್ನಾನ ಮಾಡಿಸುವಾಗ ಮಾತ್ರ, ನೀರಿನ ಸದ್ದಿನ ಮರೆಯಲ್ಲಿ, ಅವಳು ಮಗುವಿಗೆ ಆ ಮಾತು ಹೇಳಿಕೊಟ್ಟಿದ್ದಳು. ಮಗು ಮೂಗಿನಿಂದ ನೀರು ಸೀನುತ್ತ "ಮೆಮೆ, ಮೆಮೆ" ಎಂದು ನಗುತ್ತಿತ್ತು.

ಆಮೇಲೆ ಗುಸ್ ರಾಕಾ ತನ್ನದೇ ಜಾತಿಯ ಹುಡುಗಿಯನ್ನು ತಂದ. ರಸ್ಮಿನ್ ತವರಿಗೆ ವಾಪಸಾದಳು. ಕೊಟ್ಟ ಹೆಸರನ್ನು ಕಿತ್ತುಕೊಂಡರು. ಮಗಳು ತಂದೆಯ ವಂಶದ ಸ್ವತ್ತು, ಅಲ್ಲೇ ಉಳಿದಳು. ಅದಕ್ಕೆ ಸಂಪ್ರದಾಯ ಅನ್ನುತ್ತಾರೆ. ಪ್ರವಾಸಿಗಳಿಗೆ ಸಂಪ್ರದಾಯ ಬಹಳ ಇಷ್ಟ.

ಈಗ ದಾಯುಗೆ ಹಲ್ಲಿಗೆ ಅರ ಹಾಕುವ ಶಾಸ್ತ್ರ ಬಂದಿತ್ತು. ಮೈನೆರೆದ ಮಗಳ ಮೇಲಿನ ಹಲ್ಲುಗಳ ಮೊನೆ ತೇಯಿಸಿ, ಅವಳನ್ನು ದೊಡ್ಡವಳನ್ನಾಗಿ ಮಾಡಿ ಬಿಡುವುದು ಹೆತ್ತವರು ತೀರಿಸಬೇಕಾದ ಋಣ. ಹೆತ್ತವಳು ಬರಬಹುದೇ ಎಂದು ರಸ್ಮಿನ್ ಹೇಳಿಕಳಿಸಿದ್ದಳು. ಹೊರಗಿನವರಿಗೆ ಜಾಗವಿಲ್ಲ ಎಂಬ ಉತ್ತರ ಬಂತು. ಅದೇ ವಾರ ಕಾಫಿ ಅಂಗಡಿಯಲ್ಲಿ ಡ್ರೈವರ್‌ಗಳು ಅವಳನ್ನು ಕಿಚಾಯಿಸಿದರು.

"ಅಕ್ಕಾ, ನಿನ್ನ ಹಳೇ ಅತ್ತೆಮನೆ ಈಗ ಟಿಕೆಟ್‌ ಮೇಲೆ ನಡೀತಿದೆ! ಹೋಗು, ಹಳೇ ಸಂಬಂಧ ಅಂತ ಅರ್ಧ ಟಿಕೆಟ್ ಕೊಟ್ಟಾರು."

"ಅಡುಗೆಮನೆ ತೋರ್ಸೋಕೆ ಇವಳನ್ನೇ ಇಟ್ಕೊಂಡಿದ್ರೆ ಚೆನ್ನಾಗಿತ್ತು ಕಣ್ರೋ. ಎಲ್ಲಿ ಎಷ್ಟು ಮಸಿ ಇದೆ ಅಂತ ಇವಳಿಗೇ ಗೊತ್ತು."

ಅವಳೂ ನಕ್ಕಿದ್ದಳು. ನಗದಿದ್ದರೆ ಮಾರನೆಯ ದಿನ ಅದೇ ಬೆಂಚಿನಲ್ಲಿ ಕೂರುವುದು ಕಷ್ಟ. ಆದರೆ ಒಂದು ಮಾತು ಕಿವಿಯಲ್ಲಿ ಉಳಿಯಿತು: ಅತಿಥಿಗಳನ್ನು ಸ್ವಾಗತಿಸಲು ಮಗಳನ್ನೇ ನಿಲ್ಲಿಸಿದ್ದಾರೆ. ಶಾಸ್ತ್ರಕ್ಕೆ ಬಾ ಎಂದು ಮಗಳೇ ಒಂದು ಮಾತು ಕರೆದರೆ? ಕರೆದರೆ ಯಾರು ಏನು ಮಾಡಿಯಾರು? ರಾಕಾ ಮನೆಯಲ್ಲಿರದೆ ದೆನ್ಪಸಾರ್ ಪಟ್ಟಣಕ್ಕೆ ಹೋಗುವ ದಿನವನ್ನು ಅವಳು ವಿಚಾರಿಸಿಕೊಂಡಳು.

ಗೇಟಿನ ಬಳಿ ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುವವನು ಲೊಂಬೊಕ್ ದ್ವೀಪದಿಂದ ಹೊಸದಾಗಿ ಬಂದ ಸಹನೂನ್. ಅವನಿಗೆ ಇವಳ ಕಥೆ ಗೊತ್ತಿರಲಿಲ್ಲ.

"ಅಕ್ಕಾ, ನೀನು ಇಲ್ಲೇ ಮರದ ಕೆಳಗೆ. ಕಾಫಿ ಇದೆ, ನಾನಿದೀನಿ. ಇನ್ನೇನು ಬೇಕು?"

"ಇವಳು ನನ್ನ ಜೊತೆ," ಅಂದಳು ಮಾರ್ಗಿಟ್.

"ಹೋಗಕ್ಕಾ ಹೋಗು. ನನ್ನ ಜೊತೆ ಕೂರೋಕೆ ಯಾರಿಗಿಷ್ಟ," ಎಂದು ಸಹನೂನ್ ದಾರಿ ಬಿಟ್ಟ.

ರಸ್ಮಿನ್ ಟೊಪ್ಪಿಯನ್ನು ಹಣೆಯ ಮೇಲೆ ಎಳೆದುಕೊಂಡು ಒಳಗೆ ಕಾಲಿಟ್ಟಳು. ಎಲ್ಲ ಹಾಗೇ ಇತ್ತು, ಆದರೆ ಪ್ರತಿಯೊಂದರ ಮುಂದೂ ಇಂಗ್ಲಿಷ್ ಫಲಕ ಬಂದಿತ್ತು. ಅವಳು ಹೆರಿಗೆ ನೋವು ತಿಂದ ಕೋಣೆಯ ಮುಂದೆ ಹಗ್ಗ ಕಟ್ಟಿ 'ಸಾಂಪ್ರದಾಯಿಕ ಮಲಗುವ ಮನೆ' ಎಂದು ಬರೆದಿದ್ದರು. ಅಂಗಳದಾಚೆಯ ಜಗುಲಿಯಲ್ಲಿ ಅತ್ತೆ ತೆಂಗಿನ ಗರಿ ಹೆಣೆಯುತ್ತ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಕೈಯಷ್ಟೇ ಕೆಲಸ ಮಾಡುತ್ತಿತ್ತು.

ಮಗಳು ಎದುರು ಬಂದಳು. ಹಳದಿ ರವಿಕೆ, ಕಿವಿಯ ಮೇಲೆ ಹೂವು. ನಗುವಾಗ ಎಡಗಡೆಯ ಕೋರೆಹಲ್ಲು ಚೂರು ಮುಂದೆ ಬರುತ್ತಿತ್ತು. ಕಲಿಸಿಕೊಟ್ಟ ಇಂಗ್ಲಿಷಿನಲ್ಲಿ ಸ್ವಾಗತ ಒಪ್ಪಿಸಿದಳು. ಮಾರ್ಗಿಟ್‌ಳ ಸೊಂಟಕ್ಕೆ ಹಳದಿ ವಸ್ತ್ರ ಸುತ್ತಿದಳು. ಆಮೇಲೆ ಇನ್ನೊಂದು ವಸ್ತ್ರ ಹಿಡಿದು ರಸ್ಮಿನ್ ಬಳಿ ಬಂದಳು.

"ಕೈ ಎತ್ತು."

ಎತ್ತಿದಳು. ಮಗಳ ಕೈ ಸೊಂಟದ ಸುತ್ತ ಬಂತು. ಕೂದಲಿನಿಂದ ಕೊಬ್ಬರಿ ಎಣ್ಣೆಯ ವಾಸನೆ. ಗಂಟು ಬಿಗಿದು, ಅದೇ ಕೈ ಹಿಂದಕ್ಕೆ ಹೋಯಿತು. ಅಷ್ಟೇ.

ಮಾರ್ಗಿಟ್ ಈಚೆಯ ಜಗುಲಿಯ ಮೇಲೆ ಕೂತಳು. ರಸ್ಮಿನ್ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಹಾಗೆ ಕೂರೆಂದು ಯಾರೂ ಹೇಳಬೇಕಾಗಿರಲಿಲ್ಲ, ಮೊಣಕಾಲಿಗೇ ಗೊತ್ತಿತ್ತು.

ಮಾರ್ಗಿಟ್‌ಗೆ ಹುಡುಗಿ ಬಹಳ ಹಿಡಿಸಿಬಿಟ್ಟಳು. "ಎಷ್ಟು ಮುದ್ದಾಗಿದಾಳೆ! ಇವಳ ಅಮ್ಮ ಎಲ್ಲಿ ಅಂತ ಕೇಳು. ಇಬ್ಬರದ್ದೂ ಒಂದು ಫೋಟೋ ತೆಗೀತೀನಿ."

ದಾಯುಗೆ ಒಪ್ಪಿಸುವ ಪಾಠದಾಚೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳು ಡ್ರೈವರಿನ ಮುಖ ನೋಡಿದಳು. ರಸ್ಮಿನ್ ತಲೆ ತಗ್ಗಿಸಿ, ಮೇಲಿನವರಿಗೆ ಆಡುವ ಗೌರವದ ಮಾತಿನಲ್ಲಿ ಕೇಳಿದಳು.

"ದಾಯು, ತಮ್ಮ ಮೆಮೆ ಎಲ್ಲಿದಾಳೆ ಅಂತ ಅತಿಥಿಗಳು ಕೇಳ್ತಿದಾರೆ."

ಆಡಿದ ಮೇಲೆ ಗೊತ್ತಾಯಿತು. ದಾರಿಹೋಕ ಡ್ರೈವರ್ ಯಾರೇ ಆಗಲಿ 'ತಮ್ಮ ಬಿಯಾಂಗ್ ಎಲ್ಲಿದಾರೆ' ಎನ್ನುತ್ತಿದ್ದರು. ಪುರೋಹಿತರ ಮಗಳ ತಾಯಿಗೆ 'ಮೆಮೆ' ಅನ್ನಲು ಈ ದ್ವೀಪದಲ್ಲಿ ಯಾರಿಗೂ ನಾಲಿಗೆ ಏಳುವುದಿಲ್ಲ. ತನ್ನ ಬಗ್ಗೆ ತಾನೇ ಆಡುತ್ತಿದ್ದ ನಾಲಿಗೆಗೆ ಮಾತ್ರ ದೊಡ್ಡ ಮಾತು ಬಾರದೆ ಹೋಯಿತು.

ದಾಯುವಿನ ನಗು ಅರ್ಧಕ್ಕೆ ನಿಂತಿತು. ಟೊಪ್ಪಿಯ ಅಂಚಿನ ಕೆಳಗಿದ್ದ ಮುಖವನ್ನು ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೊರಗಿದಾಳೆ ಅಂತ ಹೇಳು," ಅಂದಳು ಕೊನೆಗೆ. ದನಿ ಬದಲಾಗಿತ್ತು.

"ಏನಂತೆ?" ಮಾರ್ಗಿಟ್ ಕ್ಯಾಮೆರಾ ಹಿಡಿದು ಕಾಯುತ್ತಿದ್ದಳು.

"ಹೊರಗೆ ಹೋಗಿದಾರಂತೆ."

"ಅಯ್ಯೋ. ಯಾವಾಗ ಬರ್ತಾರಂತೆ?"

ರಸ್ಮಿನ್ ಮಗಳ ಕಡೆ ತಿರುಗಿದಳು. ಕೇಳಲು ಬಂದದ್ದೂ ಅದನ್ನೇ. "ಯಾವಾಗ ಬರ್ಲಿ ಅಂತ ಆ ಮೆಮೆ ಕೇಳ್ತಿದಾಳೆ, ದಾಯು. ಶಾಸ್ತ್ರಕ್ಕೆ ಬರ್ಲಾ ಅಂತ. ತಾವು ಒಂದು ಮಾತು ಅಪ್ಪಣೆ ಕೊಟ್ರೆ..."

ಹುಡುಗಿ ಅಜ್ಜಿಯ ಕಡೆ ಕಣ್ಣು ಹಾಯಿಸಿದಳು. ಗರಿ ಹೆಣೆಯುವ ಕೈ ನಿಂತಿರಲಿಲ್ಲ. ಅವಳು ಮಾರ್ಗಿಟ್‌ಳ ವಸ್ತ್ರದ ಗಂಟು ಸರಿಮಾಡುವ ನೆಪದಲ್ಲಿ ಬಗ್ಗಿ, ಗಡಬಡಿಸಿ ಹೇಳಿದಳು.

"ಅವತ್ತೂ ಟಿಕೆಟ್‌ನವ್ರನ್ನ ಬಿಡ್ತಾರೆ. ಅವ್ರಿಗೆ ಹಿಂದಿನ ಸಾಲು. ಈ ಪರದೇಶದ ಅಜ್ಜಿಯನ್ನೋ ಇನ್ಯಾರನ್ನೋ ಕರ್ಕೊಂಡು ಬಾ. ಡ್ರೈವರ್ ಅಂತ ಬಿಡ್ತಾರೆ. ಯಾರಿಗೂ ಗೊತ್ತಾಗಲ್ಲ."

ಹುಡುಗಿ ತನಗೆ ಗೊತ್ತಿದ್ದ ಒಂದೇ ಕಿಂಡಿಯನ್ನು ತೋರಿಸಿದ್ದಳು. ಅದು ಪ್ರೀತಿಯೇ ಇರಬೇಕು. ಆದರೆ ಆ ಕಿಂಡಿಯಲ್ಲಿ ರಸ್ಮಿನ್ ನುಸುಳಲಾರಳು. ಹೆತ್ತ ಮಗಳ ಬಾಯಿಗೆ ಅರ ಹಾಕುವುದನ್ನು ಕ್ಯಾಮೆರಾ ಹಿಡಿದವರ ಬೆನ್ನ ಹಿಂದೆ ನಿಂತು, ಕತ್ತು ಉದ್ದ ಮಾಡಿ ನೋಡುವುದೇ? ಪರದೇಶದವರಿಗೆ ಕುರ್ಚಿ ಹಾಕಿ, ಹೆತ್ತವಳನ್ನು ಅವರ ಚೀಲ ಹೊರುವವಳ ಲೆಕ್ಕದಲ್ಲಿ ಒಳಗೆ ಬಿಡುವ ಮನೆ ಇದು. ನಾಳೆ ತಾನು ಸತ್ತರೆ ಈ ಮಗಳು ತನ್ನ ಹೆಣಕ್ಕೆ ಕೈ ಮುಗಿಯುವಂತಿಲ್ಲ. ಮೇಲಿನವರು ಕೆಳಗಿನವರ ಹೆಣಕ್ಕೆ ಮುಗಿಯಬಾರದು. ಹುಟ್ಟಿನಿಂದ ಸಾವಿನವರೆಗೆ ಎಲ್ಲಕ್ಕೂ ಹಿಂದಿನ ಸಾಲೇ?

ಅವಳು ಮೆಟ್ಟಿಲಿಂದ ಎದ್ದಳು. ಎದ್ದಾಗ ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು.

"ಟಿಕೆಟ್ ತಗೊಂಡು ಬರಲ್ಲ ಕಣೇ," ಅಂದಳು. "ನೀನು ಕರಿ. ಮೆಮೆ, ಬಾ ಅನ್ನು. ಒಂದೇ ಒಂದು ಸಲ ಅನ್ನು, ನಿಮ್ಮಪ್ಪ ಬಾಗಿಲಿಗೆ ಅಡ್ಡ ಮಲಗಿದ್ರೂ ದಾಟಿ ಬರ್ತೀನಿ."

'ನೀನು' ಎಂಬ ಮಾತು ಆ ಅಂಗಳದಲ್ಲಿ ಕಲ್ಲಿನಂತೆ ಬಿತ್ತು. ಗರಿ ಹೆಣೆಯುವ ಕೈ ನಿಂತಿತು.

"ಯಾರೇ ಅದು?" ಅತ್ತೆಯ ದನಿಗೆ ಪೊರೆ ಬಂದಿರಲಿಲ್ಲ. "ನಮ್ಮ ಮಗೂನ ನೀನು ಅಂತಿರೋ ನಾಲಿಗೆ ಯಾರ್ದು?"

ದಾಯು ಅಜ್ಜಿಯ ಕಡೆ ತಿರುಗಿದಳು. ಬಾಯಿ ತೆರೆಯಿತು. ರಸ್ಮಿನ್ ಆ ಬಾಯನ್ನೇ ನೋಡುತ್ತ ನಿಂತಳು. ಈಗ ಅನ್ನುತ್ತಾಳೆ. ಈಗ.

"ಡ್ರೈವರ್, ಅಜ್ಜಿ," ಅಂದಳು ಹುಡುಗಿ. "ಬೇರೆ ದ್ವೀಪದವಳು. ನಮ್ಮ ಮಾತು ಸರಿಯಾಗಿ ಬರಲ್ಲ ಅವಳಿಗೆ."

"ಹಾಗನ್ನು. ಹೊರಗೆ ಕೂರಿಸಿ ಅಂಥವರನ್ನ. ಟಿಕೆಟ್ ಇದ್ರೆ ಆಯ್ತಾ?" ಗರಿ ಮತ್ತೆ ಸರಸರ ಎಂದಿತು.

ಹುಡುಗಿ ಹತ್ತಿರ ಬಂದು ರಸ್ಮಿನ್ ಸೊಂಟದ ಗಂಟು ಬಿಚ್ಚತೊಡಗಿದಳು. ಗಂಟು ಬೇಗ ಬಿಚ್ಚಲಿಲ್ಲ. ಬಿಚ್ಚಿದ ಮೇಲೂ ಒಂದು ಗಳಿಗೆ ವಸ್ತ್ರವನ್ನು ಹಾಗೇ ಹಿಡಿದಿದ್ದಳು. ಆಮೇಲೆ ಮಾರ್ಗಿಟ್‌ಳ ಕಡೆ ತಿರುಗಿ, ನಗು ತಂದುಕೊಂಡು, ಕಲಿತ ಇಂಗ್ಲಿಷಿನಲ್ಲಿ ಮತ್ತೆ ಬನ್ನಿ ಅಂದಳು.

ಹೊರಗೆ ಸಹನೂನ್ ಮರದ ಕೆಳಗೆ ಕಾಲು ಚಾಚಿ ಕೂತಿದ್ದ. ಮಾರ್ಗಿಟ್ ಗೇಟಿನ ಕೆತ್ತನೆಯ ಚಿತ್ರ ತೆಗೆಯುತ್ತಿದ್ದಳು.

"ಇಷ್ಟು ಬೇಗ ಬಂದ್ಯಲ್ಲಕ್ಕಾ? ಒಳಗೆ ಕಾಫಿ ಕೊಡ್ಲಿಲ್ವಾ?"

"ಶಾಸ್ತ್ರದ ದಿನ ನೀನಿಲ್ಲೇ ಇರ್ತೀಯಾ?" ರಸ್ಮಿನ್ ಕೇಳಿದಳು.

"ಇರ್ದೆ? ಅವತ್ತು ಬಸ್ಸುಗಟ್ಲೆ ಬರ್ತಾರೆ. ನೀನೂ ಯಾರನ್ನೋ ಕರ್ಕೊಂಡು ಬಾ. ನಿನ್ನ ಗಾಡಿಗೆ ನೆರಳಲ್ಲಿ ಜಾಗ ಹಿಡಿದಿಡ್ತೀನಿ."

"ಗಾಡಿ ತರಲ್ಲ. ಅತಿಥೀನೂ ತರಲ್ಲ. ಪೂಜೆ ಬಟ್ಟೆ ಉಟ್ಕೊಂಡು ಬಂದು ಈ ರಸ್ತೆ ಮೇಲೆ ನಿಂತಿರ್ತೀನಿ. ರಸ್ತೆ ಅವರಪ್ಪಂದಲ್ಲ."

ಸಹನೂನ್ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. "ಯಾಕಕ್ಕಾ? ಯಾರದು ಶಾಸ್ತ್ರ?"

"ನನ್ನ ಮಗಳದ್ದು. ಯಾರು ಕೇಳಿದ್ರೂ ಹಾಗೇ ಹೇಳು. ಅವಳ ಮೆಮೆ ಹೊರಗಿದಾಳೆ ಅನ್ನು."

ಅವನು ಕಾಲು ಮಡಚಿಕೊಂಡ. ರಸ್ಮಿನ್ ಕಾರಿನ ಬಾಗಿಲು ತೆರೆದು ಹಿಡಿದಳು, ಮಾರ್ಗಿಟ್ ಹತ್ತಿ ಕೂತಳು.

"ಆ ಹುಡುಗಿ ನಿನ್ನ ಬಗ್ಗೆ ಅಜ್ಜಿಗೆ ಏನೋ ಹೇಳಿದಳಲ್ಲ? ಏನಂದಳು?"

ಎಂಟು ವರ್ಷದಲ್ಲಿ ಮೊದಲ ಸಲ ಮಗಳಿಗೆ ಆಡಿದ 'ನೀನು' ಬಾಯಲ್ಲಿನ್ನೂ ಬಿಸಿಯಾಗಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಆ ಭಾಷೆಯಲ್ಲಿ ಎಲ್ಲರಿಗೂ ಒಂದೇ ಮಾತು. ನೀನು ಅಂದರೂ ಅದೇ, ತಾವು ಅಂದರೂ ಅದೇ. ಅಲ್ಲಿ ಅವಳು ಕಳೆದುಕೊಂಡದ್ದೂ ಕಾಣುವುದಿಲ್ಲ, ಗಳಿಸಿದ್ದೂ ಕಾಣುವುದಿಲ್ಲ.

"ನನಗೆ ಮಾತು ಬರಲ್ಲ ಅಂದಳು ಮೇಡಂ," ಎಂದು ರಸ್ಮಿನ್ ಗಾಡಿ ತಿರುಗಿಸಿದಳು.

ಮಾರ್ಗಿಟ್ ನಕ್ಕು ಕಿವಿಗೆ ಹಾಡು ಹಾಕಿಕೊಂಡಳು. ಗದ್ದೆಗಳ ನಡುವಿನ ರಸ್ತೆ ಖಾಲಿಯಿತ್ತು. ನೋಡಬೇಕಾದ ಜಾಗಗಳು ಇನ್ನೂ ಎಷ್ಟೋ ಉಳಿದಿದ್ದವು, ಸಂಜೆಯವರೆಗೆ ರಸ್ಮಿನ್ ಅವನ್ನೆಲ್ಲ ತೋರಿಸಬೇಕಿತ್ತು.