ಎರಡನೇ ಬಾಟ್ಲಿ ಕುಲುಕಿರಲಿಲ್ಲ

ಅಕ್ಕ ಆಸ್ಪತ್ರೆ ಸೇರಿ ಮೂರು ತಿಂಗಳು. ಒಳಗೆ ಅಮ್ಮನ್ನ ಮಾತ್ರ ಬಿಡ್ತಾರೆ. ನನ್ನ ಪಾಲಿಗೆ ಬಂದಿದ್ದು ಅವಳ ಅಕ್ವೇರಿಯಂ. ಆರು ಮೀನು. ಉದ್ದ ಮೀಸೆ ಇರೋನ ಹೆಸರು ತಾತ. ಅಕ್ಕ ಹೈಸ್ಕೂಲಲ್ಲಿದ್ದಾಗಿಂದ ಇದಾನೆ, ಅವಳಿಗೆ ನನಗಿಂತ ಹತ್ತಿರದ ನೆಂಟ.

ಪ್ರತಿ ಭಾನುವಾರ ಸಂಜೆ ಅಕ್ಕನ ಫೋನು.

"ಏನೇ ಕೋತಿ, ನೈಟ್ರೇಟ್ ಯಾವ ಬಣ್ಣ?"

"ಹಳದಿ ಕಣೇ. ಅಪ್ಪಟ ಹಳದಿ."

"ತಾತ?"

"ಮೀಸೆ ತಿರುವ್ಕೊಂಡು ಓಡಾಡ್ತಿದಾನೆ."

ನಗ್ತಿದ್ಲು. ನಕ್ಕು ಕೆಮ್ತಿದ್ಲು. "ಮನೆಗೆ ಬಂದು ಮೊದಲು ಅವನ ಮುಖ ನೋಡ್ಬೇಕು. ಅದಕ್ಕೇ ಇಷ್ಟು ಸೂಜಿ ಚುಚ್ಚಿಸ್ಕೊಳ್ತಿರೋದು."

ಹಳದಿ ಅಂದಿದ್ದು ಸುಳ್ಳಲ್ಲ, ಆಣೆಗೂ! ಗಾಜಿನ ಕೊಳವೇಲಿ ಟ್ಯಾಂಕ್ ನೀರು, ಟೆಸ್ಟ್ ಕಿಟ್ಟಿನ ಒಂದನೇ ಬಾಟ್ಲಿಯಿಂದ ಹತ್ತು ಹನಿ, ಎರಡನೇದರಿಂದ ಹತ್ತು, ಐದು ನಿಮಿಷ ಕಾಯೋದು. ಹಳದಿ ಅಂದ್ರೆ ನೀರು ಚೆನ್ನಾಗಿದೆ. ಕೆಂಪಾದ್ರೆ ಮೀನಿನ ಗಲೀಜೆಲ್ಲ ನೈಟ್ರೇಟ್ ಆಗಿ ತುಂಬ್ಕೊಂಡಿದೆ, ನೀರು ಬದಲಾಯಿಸ್ಬೇಕು. ಹಳದಿ ಬರ್ತಿರುವಾಗ ಬಕೆಟ್ ಯಾಕೆ ಹೊರಲಿ? ನನಗೆ ಪರೀಕ್ಷೆ ಬೇರೆ ಇತ್ತು. ಹೊರಲಿಲ್ಲ.

ಮೊದಲು ಎರಡು ಸತ್ವು. ವಯಸ್ಸಾಗಿತ್ತೇನೋ ಅನ್ಕೊಂಡೆ. ಆಮೇಲೆ ಮೂರು. ಅಕ್ಕಂಗೆ ಹೇಳ್ಲಿಲ್ಲ. ಉಳಿದ ತಾತ ಈ ಭಾನುವಾರ ಬೆಳಗ್ಗೆ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದ.

ಬಾಟ್ಲಿಗಳನ್ನ ಎತ್ಕೊಂಡು ಮೀನಿನ ಅಂಗಡಿಗೆ ಓಡಿದೆ. ಅಂಗಡಿಯವರು ಎರಡನೇದನ್ನ ಬೆಳಕಿಗೆ ಹಿಡಿದ್ರು. ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು.

"ಇದನ್ನ ಕುಲುಕ್ತೀಯೇನಮ್ಮ?"

"ಕುಲುಕ್ಬೇಕಾ?"

"ಅರ್ಧ ನಿಮಿಷ, ಜೋರಾಗಿ. ಇಲ್ಲಾಂದ್ರೆ ಚರಂಡಿ ನೀರು ಹಾಕಿದ್ರೂ ಹಳದೀನೇ."

ಮನೆಗೆ ಬಂದು ಕೈ ನೋಯೋವರೆಗೂ ಕುಲುಕಿದೆ. ಕೊಳವೆ ಕಡುಗೆಂಪಾಯ್ತು. ಈಗೇನು ಮಾಡ್ಲಿ ಅಂತ ಅಂಗಡಿಯವರನ್ನೇ ಒಂದು ಮಾತು ಕೇಳ್ಬಹುದಿತ್ತು. ನಾನು ಬುದ್ಧಿವಂತೆ ಅಲ್ವಾ, ಇಡೀ ಟ್ಯಾಂಕ್ ಖಾಲಿ ಮಾಡಿ ಹೊಸ ನೀರು ತುಂಬ್ದೆ. ಕೆಟ್ಟ ನೀರಿಗೆ ಒಗ್ಗಿದ ಮೀನು ಒಳ್ಳೇ ನೀರನ್ನ ಒಂದೇ ಸಲ ತಡ್ಕೊಳಲ್ವಂತೆ. ದಿನಾ ಸ್ವಲ್ಪ ಸ್ವಲ್ಪಾನೇ ಬದಲಾಯಿಸ್ಬೇಕಂತೆ. ಗೊತ್ತಾಗಿದ್ದು ಆಮೇಲೆ. ಮಧ್ಯಾಹ್ನದೊಳಗೆ ತಾತ ಪಕ್ಕಕ್ಕೆ ವಾಲ್ಕೊಂಡ. ಬೆರಳಲ್ಲಿ ಮುಟ್ಟಿದೆ. ಮೀಸೆ ಮಾತ್ರ ಅಲ್ಲಾಡ್ತು, ಅದೂ ನೀರಿಗೆ.

ಸಂಜೆ ಫೋನು.

"ಏನೇ ಕೋತಿ, ಯಾವ ಬಣ್ಣ?"

ಕೊಳವೆ ಎದುರಿಗೇ ಇತ್ತು. ಹೊಸ ನೀರು, ಚೆನ್ನಾಗಿ ಕುಲುಕಿದ ಬಾಟ್ಲಿ.

"ಹಳದಿ."

"ತಾತ?"

"ಇಲ್ಲ ಕಣೇ. ಒಬ್ರೂ ಇಲ್ಲ."

ಆ ಕಡೆಯಿಂದ ನಗು ಬರ್ಲಿಲ್ಲ. ಕೆಮ್ಮೂ ಬರ್ಲಿಲ್ಲ. ಅಮ್ಮನ ದನಿ ಮಾತ್ರ, "ಏನಂದೆ ಅವಳಿಗೆ? ಏನಂದೆ ನೀನು?" ಅಂತ ಕೇಳ್ತಾನೇ ಇತ್ತು.